ಒಂಟಿಗಾಲಿಯ ಮೇಲೆ ನಿಲ್ಲುವ ಮುನ್ನ

1888ನೆಯ ಇಸವಿಯಲ್ಲಿ ಬೆಳಗಾವಿಯ ಪೇಟೆಯಲ್ಲಿ ಒಂದು ಸೈಕಲ್ ಅಂಗಡಿ ಪ್ರಾರಂಭವಾಯಿತು. ಅದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಉಪಾಧ್ಯಾಯರಾಗಿದ್ದರು. ಅವರು ಅಲ್ಲಿ ಸೈಕಲ್ಲುಗಳನ್ನು ಕೊಂಡು ಕಳುಹಿಸುವುದು, ಇಲ್ಲಿ ಅವರ ಅಣ್ಣ ರಾಮುಅಣ್ಣನವರು ಅವನ್ನು ಮಾರುವುದು, ಹೀಗೆ ವ್ಯಾಪಾರ ನಡೆಯುತ್ತಿತ್ತು. ಒಂದೊಂದು ಸೈಕಲ್ಲಿನ ಬೆಲೆ 700 ರೂಪಾಯಿಯಿಂದ 1000 ರೂಪಾಯಿಯವರೆಗೆ. ಆ ಕಾಲದ 700 ರೂಪಾಯಿ ಎಂದರೆ ಸಾಮಾನ್ಯ ಮನುಷ್ಯನ ಮಾತಲ್ಲ. ಮುಂದೆ ನೇಗಿಲು, ಮೇವು ಕತ್ತರಿಸುವ ಯಂತ್ರ ಎಂದು ಉದ್ಯಮ ಬೆಳೆದು, 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿದ ಕಥೆ ಎಲ್ಲರಿಗೂ ತಿಳಿದದ್ದೇ. ಅಂಗಡಿಯಿದ್ದ ರಸ್ತೆ ಇಂದಿಗೂ ಕಿರ್ಲೋಸ್ಕರ ರಸ್ತೆಯೆಂದೇ ಹೆಸರಾಗಿದೆ. ಆದರೆ ಆ ಅಂಗಡಿಯ ಲೆಕ್ಕದಲ್ಲಿ ಇನ್ನೊಂದು ಬಾಬು ಇತ್ತು; ಅದನ್ನು ನೆನೆಯುವವರು ಕಡಿಮೆ. ಸೈಕಲ್ ಹತ್ತುವುದನ್ನು ಕಲಿಸುವುದಕ್ಕೆ ಪ್ರತ್ಯೇಕವಾಗಿ 15 ರೂಪಾಯಿ.

ಯಂತ್ರವನ್ನು ಮಾರಿದವರೇ ಅದರ ವಿದ್ಯೆಯನ್ನೂ ಮಾರುತ್ತಿದ್ದರು ಎಂಬುದು ಗಮನಿಸತಕ್ಕ ಸಂಗತಿ. ಎರಡು ಗಾಲಿಯ ಮೇಲೆ ಮನುಷ್ಯ ಕೂತು ಹೋಗುವುದನ್ನೇ ಕಂಡಿರದ ಊರಿನಲ್ಲಿ, ಕಲಿಸುವವರಿಲ್ಲದೆ ಅದನ್ನು ಕೊಳ್ಳುವವರಾದರೂ ಯಾರು?

ಈಗ ಬಂದಿರುವ ಹೊಸ ವಾಹನಕ್ಕೆ ಅಂಥ ಗುರುವಿಲ್ಲ. ಎಲೆಕ್ಟ್ರಿಕ್ ಯುನಿಸೈಕಲ್ ಎಂದು ಅದರ ಹೆಸರು. ಒಂಟಿಗಾಲಿ ಎಂದು ಕರೆದರೆ ತಪ್ಪಿಲ್ಲ. ಒಂದು ದಪ್ಪ ಗಾಲಿ, ಅದರ ಎರಡು ಮಗ್ಗುಲಲ್ಲಿ ಪಾದವಿಡಲು ಒಂದೊಂದು ಹಲಗೆ, ಮೇಲೆ ಹಿಡಿದೆತ್ತಲು ಒಂದು ಹಿಡಿ, ಇಷ್ಟೇ ಅದರ ರೂಪ. ಆಸನವಿಲ್ಲ, ಹ್ಯಾಂಡಲಿಲ್ಲ, ಬ್ರೇಕಿನ ಕಡ್ಡಿಯೂ ಇಲ್ಲ. ಸೂರ್ಯನ ರಥಕ್ಕೆ ಒಂದೇ ಗಾಲಿಯೆಂದು ಪುರಾಣ ಹೇಳುವುದುಂಟು. ಆದರೆ ಅಲ್ಲಿ ಏಳು ಕುದುರೆಗಳೂ ಒಬ್ಬ ಸಾರಥಿಯೂ ಇದ್ದಾರೆ. ಇಲ್ಲಿ ಸವಾರನೇ ಎಲ್ಲ. ಪೆಟ್ಟಿಗೆಯಲ್ಲಿ ಬಂದಿಳಿಯುವ ಈ ಯಂತ್ರದ ಜೊತೆಗೆ ಒಂದು ತೆಳ್ಳನೆಯ ಪುಸ್ತಕ ಬರುತ್ತದೆ. ಸೈಕಲ್ಲಿನ ಹಿಂದೆ ಸೀಟು ಹಿಡಿದು ಓಡಿಬರುವವನು ಬರುವುದಿಲ್ಲ.

ತಾನಾಗಿ ಸಮತೋಲ ಕಾಯ್ದುಕೊಳ್ಳುವ ವಾಹನವನ್ನು ಲೋಕಕ್ಕೆ ಮೊದಲು ದೊಡ್ಡದಾಗಿ ತೋರಿಸಿದವನು ಅಮೆರಿಕದ ಡೀನ್ ಕೇಮನ್, 2001ರ ಡಿಸೆಂಬರಿನಲ್ಲಿ. ಸೆಗ್‌ವೇ ಎಂಬ ಆ ಯಂತ್ರಕ್ಕೆ ಅಕ್ಕಪಕ್ಕದಲ್ಲಿ ಎರಡು ಗಾಲಿಗಳು. ಹತ್ತು ವರ್ಷ ಕಳೆಯುವುದರೊಳಗೆ ಅಮೆರಿಕದಲ್ಲೇ ನೆಲೆಸಿದ್ದ ಶೇನ್ ಚೆನ್ ಎಂಬ ಸಂಶೋಧಕನು ಅದನ್ನು ಒಂದೇ ಗಾಲಿಗೆ ಇಳಿಸಿ ಸೋಲೋವೀಲ್ ಎಂಬುದನ್ನು ಹೊರತಂದನು. ಆಮೇಲೆ ಚೀನದ ಕಾರ್ಖಾನೆಗಳು ಅದನ್ನು ಕೈಗೆತ್ತಿಕೊಂಡು ಬಗೆಬಗೆಯಾಗಿ ಬೆಳೆಸಿದವು. ಇಂದು ಹತ್ತು ಕಿಲೋ ತೂಕದ ಚಿಕ್ಕ ಗಾಲಿಯೂ ಉಂಟು, ನಲವತ್ತು ಕಿಲೋ ತೂಗುವ ದೈತ್ಯವೂ ಉಂಟು.

ಗಾಲಿ ತಿರುಗುವುದರಿಂದಲೇ ಅದು ಬುಗುರಿಯ ಹಾಗೆ ನಿಲ್ಲುತ್ತದೆಂದು ಅನೇಕರು ತಿಳಿದಿದ್ದಾರೆ. ಖಾನಾಪುರದ ಮಣ್ಣು ಕುಂಬಾರಿಕೆಗೆ ಹೆಸರಾದದ್ದು. ಅಲ್ಲಿ ಚಕ್ರದ ಮುಂದೆ ಕೂತವರನ್ನು ನೋಡಿದವರಿಗೆ ಈ ತಪ್ಪು ತಿಳಿವಳಿಕೆ ಬರುವುದು ಸಹಜವೇ. ಕೋಲಿನಿಂದ ತಿರುವಿಬಿಟ್ಟ ಕುಂಬಾರನ ಭಾರವಾದ ಚಕ್ರ ತನ್ನ ವೇಗದ ಬಲದಿಂದಲೇ ಬಹಳ ಹೊತ್ತು ಅಲುಗದೆ ಸುತ್ತುತ್ತದೆ. ಒಂಟಿಗಾಲಿಯ ಸಂಗತಿ ಹಾಗಲ್ಲ. ಹದಿನಾರು ಅಂಗುಲದ ಗಾಲಿ ನಡಿಗೆಯ ವೇಗದಲ್ಲಿ ಹೋಗುವಾಗ ಸೆಕೆಂಡಿಗೆ ಒಂದು ಸುತ್ತಿಗಿಂತ ಸ್ವಲ್ಪ ಮಾತ್ರ ಹೆಚ್ಚಾಗಿ ತಿರುಗುತ್ತದೆ. ಅಷ್ಟರಿಂದ ಮನುಷ್ಯನ ಭಾರ ನಿಲ್ಲದು.

ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿ ಆಡುವ ಹುಡುಗನನ್ನು ನೆನೆಯಬೇಕು. ಕೋಲು ಮುಂದಕ್ಕೆ ವಾಲಿದರೆ ಅವನು ಕೈಯನ್ನು ಮುಂದಕ್ಕೆ ಒಯ್ಯುತ್ತಾನೆ. ಹಿಂದಕ್ಕೆ ವಾಲಿದರೆ ಹಿಂದಕ್ಕೆ ತರುತ್ತಾನೆ. ಒಂಟಿಗಾಲಿಯಲ್ಲಿ ಸವಾರನೇ ಕೋಲು, ಗಾಲಿಯೇ ಅಂಗೈ. ಯಂತ್ರದೊಳಗಿನ ಸೂಕ್ಷ್ಮ ಉಪಕರಣವು ವಾಲಿಕೆಯನ್ನು ಸೆಕೆಂಡಿಗೆ ನೂರಾರು ಸಲ ಅಳೆದು, ಮೋಟಾರಿಗೆ ಆಜ್ಞೆ ಕೊಟ್ಟು, ಗಾಲಿಯನ್ನು ಸವಾರನ ಭಾರದ ಕೆಳಕ್ಕೆ ಓಡಿಸುತ್ತದೆ. ಮೈಯನ್ನು ಮುಂದಕ್ಕೆ ಒಲೆದರೆ ವೇಗ, ಹಿಂದಕ್ಕೆ ಒಲೆದರೆ ನಿಲುಗಡೆ.

ಇದು ಮುಂದು ಹಿಂದಿನ ಮಾತಾಯಿತು. ಎಡಕ್ಕೋ ಬಲಕ್ಕೋ ಬೀಳುವುದನ್ನು ತಪ್ಪಿಸಲು ಯಂತ್ರ ಏನನ್ನೂ ಮಾಡುವುದಿಲ್ಲ. ತಾನಾಗಿ ಸಮತೋಲ ಕಾಯುವ ಯಂತ್ರವೆಂದು ನಂಬಿ ಕೊಂಡವನಿಗೆ ಮೊದಲ ದಿನ ಆಗುವ ಆಶಾಭಂಗ ಇದೇ. ಅಡ್ಡ ಸಮತೋಲವನ್ನು ಸೈಕಲ್ಲಿನಂತೆಯೇ, ಬೀಳುವ ಕಡೆಗೆ ಗಾಲಿಯನ್ನು ತಿರುಗಿಸಿ ಸರಿಪಡಿಸಿಕೊಳ್ಳಬೇಕು. ಇದಕ್ಕೆ ಸ್ವಲ್ಪ ವೇಗವೂ ಬೇಕು. ತೀರ ನಿಧಾನವಾಗಿ ಹೋಗುವುದು ಸುರಕ್ಷಿತವೆಂದು ಹೊಸಬನು ಹೆದರಿ ತೆವಳಿದಷ್ಟೂ ಗಾಲಿ ತೊನೆದಾಡುತ್ತದೆ. ಜೋರಾಗಿ ನಡೆಯುವವನ ವೇಗಕ್ಕೆ ಬಂದೊಡನೆ ಅದು ತಕ್ಕಮಟ್ಟಿಗೆ ನೆಟ್ಟಗಾಗುತ್ತದೆ.

ಕಲಿಯುವ ಕ್ರಮಕ್ಕೆ ಬರೋಣ. ವಾಹನ ಸಂಚಾರವಿಲ್ಲದ, ಒಣಗಿದ, ಗಟ್ಟಿ ನೆಲದ ಬಯಲು ಬೇಕು. ಬೆಳಗಾವಿಯಲ್ಲಿ ಶಾಲೆ ಕಾಲೇಜುಗಳ ಆಟದ ಮೈದಾನಗಳು ಕಡಿಮೆಯಿಲ್ಲ. ಆಡಳಿತದವರ ಅಪ್ಪಣೆ ಪಡೆದು, ಆಟಗಾರರು ಬರುವ ಮೊದಲೇ ಬೆಳಗಿನಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಬಹುದು. ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಮರಗಳ ನೆರಳು ಆಕರ್ಷಕವಾದುದೇ, ಆದರೆ ಬೆಳಗಿನ ವಾಯುಸೇವನೆಗೆ ಬರುವ ಹಿರಿಯರ ಕಾಲಿಗೆ ಗಾಲಿ ತಾಗುವ ಸಂಭವವಿರುವ ಜಾಗವನ್ನು ಕಲಿಯುವವನು ಬಿಟ್ಟುಬಿಡುವುದೇ ಸೌಜನ್ಯ. ಬೀಳುವವನು ತಾನೊಬ್ಬನೇ ಬೀಳುವುದಿಲ್ಲ. ಅವನ ಕಾಲಡಿಯಿಂದ ತಪ್ಪಿಸಿಕೊಂಡ ಹದಿನೈದು ಇಪ್ಪತ್ತು ಕಿಲೋ ತೂಕದ ಗಾಲಿ ತನ್ನ ಪಾಡಿಗೆ ತಾನು ಉರುಳಿಹೋಗಿ ಯಾವುದೋ ಮಗುವಿನ ಮೇಲೆ ಬೀಳಬಹುದು. ಹಿಡಿಗೆ ಒಂದು ಗಟ್ಟಿ ಪಟ್ಟಿಯನ್ನು ಕಟ್ಟಿ ಅದರ ತುದಿಯನ್ನು ಕೈಯಲ್ಲಿ ಹಿಡಿದುಕೊಳ್ಳುವ ಪದ್ಧತಿ ಇದಕ್ಕಾಗಿಯೇ ಬಂದಿದೆ. ಪಟ್ಟಿಯನ್ನು ಮುಂಗೈಗೆ ಸುತ್ತಿಕೊಳ್ಳಬಾರದು.

ಹತ್ತುವ ಮುಂಚೆ ತೊಡಬೇಕಾದುದು ನಾಲ್ಕು. ಗದ್ದವನ್ನೂ ಮುಚ್ಚುವ ಹೆಲ್ಮೆಟ್ಟು, ಮುಂಗೈ ಕವಚ, ಮೊಳಕೈ ಮತ್ತು ಮೊಳಕಾಲಿನ ಕವಚಗಳು. ಇವುಗಳಲ್ಲಿ ಜನ ಅಲಕ್ಷ್ಯ ಮಾಡುವುದು ಮುಂಗೈ ಕವಚವನ್ನು. ಬೀಳುವ ಮನುಷ್ಯ ಕೈ ಚಾಚುತ್ತಾನೆ. ಚಾಚಬೇಡವೆಂದು ಎಷ್ಟು ಹೇಳಿದರೂ ಚಾಚುತ್ತಾನೆ. ಚಾಚಿದ ಅಂಗೈ ನೆಲಕ್ಕೆ ಕಚ್ಚಿಕೊಂಡು ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬಿದ್ದಾಗ ಅಲ್ಲಿನ ಎಲುಬು ಮುರಿಯುತ್ತದೆ. ಐರ್ಲೆಂಡಿನ ಶಸ್ತ್ರವೈದ್ಯ ಏಬ್ರಹಾಂ ಕಾಲಿಸ್ 1814ರಲ್ಲಿ ವರ್ಣಿಸಿದ ಈ ಮುರಿತಕ್ಕೆ ಇಂದಿಗೂ ಅವನದೇ ಹೆಸರು. ಕವಚದ ಅಡಿಯಲ್ಲಿರುವ ಗಟ್ಟಿ ಪ್ಲಾಸ್ಟಿಕ್ ಪಟ್ಟಿಯು ನೆಲವನ್ನು ಕಚ್ಚದೆ ಜಾರುತ್ತದೆ, ಜಾರಿದುದರಿಂದ ಪೆಟ್ಟಿನ ಬಲ ಹಂಚಿಹೋಗುತ್ತದೆ. ಗದ್ದ ಮುಚ್ಚುವ ಹೆಲ್ಮೆಟ್ಟು ಬೇಕೆನ್ನುವುದಕ್ಕೂ ಕಾರಣವುಂಟು. ಈ ವಾಹನದ ಮೇಲಿಂದ ಬೀಳುವವನು ಸಾಮಾನ್ಯವಾಗಿ ಮುಂದಕ್ಕೆ, ಮುಖದ ಮೇಲೆ ಬೀಳುತ್ತಾನೆ.

ಮೊದಲ ದಿನ ಸವಾರಿಯ ಯೋಚನೆಯನ್ನೇ ಬಿಡಬೇಕು. ಬಲಗಾಲು ರೂಢಿಯಾದವನು ಬಲಗಾಲನ್ನು ಹಲಗೆಯ ಮೇಲಿಟ್ಟು, ಎಡಗಾಲನ್ನು ನೆಲದಲ್ಲೂರಿ, ಮೀನಖಂಡಕ್ಕೆ ಗಾಲಿಯ ಮಗ್ಗುಲು ತಾಗಿರುವಂತೆ ನಿಂತು, ಗಾಲಿಯನ್ನು ಒಂದು ಮೊಳ ಮುಂದಕ್ಕೆ, ಒಂದು ಮೊಳ ಹಿಂದಕ್ಕೆ ಆಡಿಸಲಿ. ನಿಂತಲ್ಲಿಯೇ ಸಣ್ಣ ಸುತ್ತು ತಿರುಗಲಿ. ಮೋಟಾರು ಹೇಗೆ ಒತ್ತುತ್ತದೆ, ಹೇಗೆ ತಡೆಯುತ್ತದೆ ಎಂಬುದು ತಲೆಗಿಂತ ಮೊದಲು ಕಾಲಿಗೆ ತಿಳಿಯಬೇಕು. ಆಮೇಲೆ ಎಡಗಾಲಿನಿಂದ ನೆಲವನ್ನು ಒದ್ದು ಒದ್ದು, ಒಂಟಿ ಕಾಲಿನಲ್ಲಿ ನಾಲ್ಕಾರು ಗಜ ತೇಲಿಹೋಗುವುದು. ಹಲವರು ಈ ಮೆಟ್ಟಿಲನ್ನು ಹಾರಿ, ಗೋಡೆ ಹಿಡಿದುಕೊಂಡು ನೇರವಾಗಿ ಎರಡೂ ಕಾಲನ್ನಿಟ್ಟುಬಿಡುತ್ತಾರೆ. ಗೋಡೆಯ ಆಸರೆ ಬೇಡವೆಂದಲ್ಲ. ಆದರೆ ಗೋಡೆಗೆ ಅಂಟಿಕೊಂಡು ಕಲಿತವನಿಗೆ ಗೋಡೆ ಮುಗಿದಲ್ಲಿ ವಿದ್ಯೆಯೂ ಮುಗಿಯುತ್ತದೆ.

ಎರಡನೆಯ ಕಾಲನ್ನು ಎತ್ತಿಟ್ಟಾಗ ಕಣ್ಣು ಕೆಳಗಿಳಿಯುವುದು ಸ್ವಾಭಾವಿಕ. ಕಣ್ಣು ಪಾದವನ್ನು ನೋಡಿದರೆ ಮೈ ಬಾಗುತ್ತದೆ, ಮೈ ಬಾಗಿದರೆ ಗಾಲಿ ಓಡುತ್ತದೆ. ಹದಿನೈದು ಇಪ್ಪತ್ತು ಗಜ ಮುಂದಿನ ಒಂದು ಮರವನ್ನೋ ಕಂಬವನ್ನೋ ನೋಡುತ್ತ, ಮೊಳಕಾಲನ್ನು ತುಸು ಮಡಿಸಿ, ಸೊಂಟವನ್ನು ಸಡಿಲಬಿಟ್ಟು ನಿಲ್ಲಬೇಕು. ಪಾದಗಳು ಬೇಗ ನೋಯುತ್ತವೆ, ಮರಗಟ್ಟುತ್ತವೆ. ಆಗ ಇಳಿದು ಕೂರುವುದೇ ಜಾಣತನ. ದಣಿದ ಕಾಲು ಕಲಿತದ್ದನ್ನು ಮರೆಯುತ್ತದೆ.

ನೇರವಾಗಿ ಐವತ್ತು ಗಜ ಹೋಗಲು ಬಂದ ದಿನವೇ ನಿಲ್ಲಿಸುವ ಪಾಠವೂ ಆರಂಭವಾಗಬೇಕು. ಇಲ್ಲದ ಕುರ್ಚಿಯ ಮೇಲೆ ಕೂರುವವನಂತೆ ಸೊಂಟವನ್ನು ಹಿಂದಕ್ಕೂ ಕೆಳಕ್ಕೂ ಒಯ್ದರೆ ಗಾಲಿ ನಿಲ್ಲುತ್ತದೆ. ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಗೆರೆಯ ಹತ್ತಿರ ಬಂದಾಗ ನಿಲ್ಲಿಸುವುದನ್ನು ದಿನಕ್ಕೆ ಇಪ್ಪತ್ತು ಸಲ ಮಾಡಿದವನು ಉಳಿದದ್ದನ್ನು ಸುಲಭವಾಗಿ ಕಲಿತಾನು. ಹೋಗುವುದನ್ನು ಯಾರೂ ಕಲಿಸಬೇಕಾಗಿಲ್ಲ, ಅದು ತಾನಾಗಿ ಬರುತ್ತದೆ. ನಿಲ್ಲುವುದು ಹಾಗಲ್ಲ. ಬಲಕ್ಕೆ ತಿರುಗಲು ಬಂದವನಿಗೆ ಎಡಕ್ಕೆ ಬರುವುದಿಲ್ಲವೆಂಬುದು ಇನ್ನೊಂದು ವಿಚಿತ್ರ. ಎರಡು ಕಡೆಯೂ ಸಮನಾಗಿ ಅಭ್ಯಾಸವಾಗಬೇಕು.

ಮೊದಲ ವಾರದ ಬೀಳುವಿಕೆಗಳು ಬಹುಮಟ್ಟಿಗೆ ನಿರುಪದ್ರವಿ. ನಡಿಗೆಯ ವೇಗದಲ್ಲಿ ಗಾಲಿ ಜಾರಿದರೆ ಸವಾರನು ಎರಡು ಹೆಜ್ಜೆ ಓಡಿ ನಿಂತುಕೊಳ್ಳುತ್ತಾನೆ. ನಿಜವಾದ ಅಪಾಯ ಬರುವುದು ತಿಂಗಳು ಕಳೆದಮೇಲೆ, ಭಯ ಹೋದಮೇಲೆ. ಅದಕ್ಕೆ ಕಾರಣ ಯಂತ್ರದ ಸ್ವಭಾವದಲ್ಲಿದೆ. ಕೊಳ್ಳುವವರು ಸಾಮಾನ್ಯವಾಗಿ ಕೇಳದ, ಮಾರುವವರು ಸಾಮಾನ್ಯವಾಗಿ ಹೇಳದ ಸಂಗತಿಯೂ ಅದೇ.

ಸವಾರನನ್ನು ಎತ್ತಿಹಿಡಿದಿರುವುದು ಮೋಟಾರಿನ ಬಲ. ಸೈಕಲ್ಲಿನ ಸರಪಳಿ ಕಳಚಿದರೆ ಸೈಕಲ್ಲು ನಿಧಾನವಾದೀತು. ಇಲ್ಲಿ ಮೋಟಾರಿನ ಬಲ ತೀರಿದರೆ ಸವಾರನ ಕಾಲಡಿಯ ಹಲಗೆಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮೋಟಾರು ವೇಗವಾಗಿ ತಿರುಗಿದಷ್ಟೂ ಅದರೊಳಗೇ ಎದುರು ವಿದ್ಯುತ್ತು ಹುಟ್ಟಿ, ಬ್ಯಾಟರಿಯ ಒತ್ತಡವನ್ನು ತಿನ್ನುತ್ತ ಹೋಗುತ್ತದೆ. ಆದುದರಿಂದ ವೇಗ ಹೆಚ್ಚಿದಂತೆ ಹೆಚ್ಚಿನ ಒಲೆತವನ್ನು ತಡೆಯಲು ಉಳಿದಿರುವ ಬಲ ಕಡಿಮೆಯಾಗುತ್ತದೆ. ಪರಮ ವೇಗದಲ್ಲಿ ಆ ಮಿಗಿತು ಸೊನ್ನೆ. ಅಂಥ ಹೊತ್ತಿನಲ್ಲಿ ಒಂದು ಗುಂಡಿಯೋ, ಎದುರು ಗಾಳಿಯೋ, ಚಿಕ್ಕ ಏರೋ ಬಂದರೆ ಮೋಟಾರು ಕೊಡಬೇಕಾದ ಬಲ ಅದರಲ್ಲಿ ಇರುವುದಿಲ್ಲ. ಬ್ಯಾಟರಿ ಇಳಿದಾಗಲೂ ಹೀಗೆಯೇ. ತುಂಬಿದ ಬ್ಯಾಟರಿಯ ಮೇಲೆ ಸಲೀಸಾಗಿದ್ದ ವೇಗ, ಕಾಲು ಭಾಗ ಉಳಿದ ಬ್ಯಾಟರಿಯ ಮೇಲೆ ಮೃತ್ಯುವೇಗವಾದೀತು.

ಯಂತ್ರ ಮುನ್ಸೂಚನೆ ಕೊಡದೆ ಇರುವುದಿಲ್ಲ. ಮೊದಲು ಪೀಪೀ ಎಂದು ಕೂಗುತ್ತದೆ. ಆಮೇಲೆ ಹಲಗೆಯ ಮುಂಭಾಗವನ್ನು ಮೇಲಕ್ಕೆತ್ತಿ, ಸವಾರನನ್ನು ಹಿಂದಕ್ಕೆ ತಳ್ಳಿ, ಸಾಕು ನಿಲ್ಲು ಎನ್ನುತ್ತದೆ. ಹೊಸಬನು ಆ ಎತ್ತಿಕೆಯನ್ನು ತನ್ನ ಸಮತೋಲ ತಪ್ಪಿತೆಂದು ಭಾವಿಸಿ ಇನ್ನಷ್ಟು ಮುಂದಕ್ಕೆ ಒಲೆಯುತ್ತಾನೆ. ಉಳಿದಿದ್ದ ಚೂರು ಬಲವೂ ಅಲ್ಲಿಗೆ ಮುಗಿಯಿತು. ಕೂಗು ಕೇಳಿದೊಡನೆ ಮೈಯನ್ನು ಹಿಂದಕ್ಕೆ ತಂದು ನಿಧಾನವಾಗುವುದನ್ನು, ಯಂತ್ರದ ಎಚ್ಚರಿಕೆಯ ಮಿತಿಯನ್ನು ತೀರ ಕಡಿಮೆ ವೇಗಕ್ಕೆ ಇಟ್ಟುಕೊಂಡು, ಮೈದಾನದಲ್ಲಿಯೇ ಮತ್ತೆ ಮತ್ತೆ ಅಭ್ಯಾಸ ಮಾಡಿಕೊಳ್ಳಬಹುದು.

ವೇಗದ ಪೆಟ್ಟನ್ನು ಎತ್ತರದ ಲೆಕ್ಕದಲ್ಲಿ ಹೇಳಿದರೆ ಬೇಗ ಮನಸ್ಸಿಗೆ ಹತ್ತುತ್ತದೆ. ಗಂಟೆಗೆ 25 ಕಿಲೋಮೀಟರು ವೇಗವೆಂದರೆ ಸುಮಾರು ಎರಡೂವರೆ ಮೀಟರು ಎತ್ತರದಿಂದ ಬಿದ್ದವನು ನೆಲ ಮುಟ್ಟುವಾಗಿನ ವೇಗ. 40 ಕಿಲೋಮೀಟರಿಗೆ ಆರು ಮೀಟರಿಗೂ ಮಿಕ್ಕ ಎತ್ತರ, ಅಂದರೆ ಎರಡಂತಸ್ತಿನ ಮನೆಯ ಮಾಳಿಗೆ.

ಹಳೆಯ ಎತ್ತರ ಗಾಲಿಯ ಸೈಕಲ್ಲುಗಳ ಚಿತ್ರವನ್ನು ನೋಡಿದವರಿಗೆ ಇದರಲ್ಲಿ ಹೊಸತೇನೂ ಕಾಣದು. 1870ರ ದಶಕದಲ್ಲಿ ಸವಾರನು ದೊಡ್ಡ ಮುಂಗಾಲಿಯ ನೆತ್ತಿಯ ಮೇಲೆ ಕೂರುತ್ತಿದ್ದ. ಒಂದು ಕಲ್ಲು ಅಡ್ಡ ಬಂದರೂ ತಲೆಕೆಳಗಾಗಿ ಮುಂದಕ್ಕೆ ಬೀಳುತ್ತಿದ್ದ. ಅದಕ್ಕೆ ಪರಿಹಾರವಾಗಿ 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿಗಳ ನಡುವೆ ಸವಾರನನ್ನು ಕೂರಿಸುವ ಸೈಕಲ್ಲನ್ನು ಮಾಡಿದ. ಈ ಮಾದರಿಗೆ ಬಂದ ಹೆಸರೇ ‘ಸೇಫ್ಟಿ’, ಸುರಕ್ಷಿತ. ಒಂಟಿಗಾಲಿಯು ಸವಾರನನ್ನು ತಿರುಗಿ ಗಾಲಿಯ ನೆತ್ತಿಗೇರಿಸಿದೆ.

ವೇಗವೊಂದೇ ಶತ್ರುವೆಂದು ತಿಳಿಯುವುದೂ ಸರಿಯಲ್ಲ. ಸೆಗ್‌ವೇ ಕಂಪನಿಯನ್ನು ಕೊಂಡಿದ್ದ ಇಂಗ್ಲೆಂಡಿನ ಉದ್ಯಮಿ ಜಿಮಿ ಹೆಸೆಲ್ಡನ್ 2010ರ ಸೆಪ್ಟೆಂಬರಿನಲ್ಲಿ ಆ ಯಂತ್ರದ ಮೇಲೆಯೇ ತನ್ನ ಊರಿನ ಹತ್ತಿರದ ಕಾಲುದಾರಿಯಲ್ಲಿ ಹೋಗುತ್ತಿದ್ದಾಗ ದಂಡೆಯಂಚಿನಿಂದ ಕೆಳಗಿನ ನದಿಗೆ ಬಿದ್ದು ತೀರಿಕೊಂಡ. ಎದುರು ಬಂದವರೊಬ್ಬರಿಗೆ ದಾರಿ ಬಿಡಲು ಹಿಂದೆ ಸರಿಯುವಾಗ ಹೀಗಾಯಿತೆಂದು ವಿಚಾರಣೆಯಲ್ಲಿ ತಿಳಿದುಬಂತು.

ಇಷ್ಟೆಲ್ಲ ಕಲಿತ ತರುಣನಿಗೆ ಒಂದು ಭಾನುವಾರ ಖಾನಾಪುರದ ಯೋಚನೆ ಬರುತ್ತದೆ. ಒಮ್ಮೆ ತುಂಬಿಸಿದರೆ ಅರವತ್ತು ಕಿಲೋಮೀಟರು ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದೆ. ಖಾನಾಪುರ ಇಪ್ಪತ್ತಾರೇ ಕಿಲೋಮೀಟರು. ಹೋಗಿ ಮಲಪ್ರಭೆಯ ಸೇತುವೆಯ ಮೇಲೆ ನಿಂತು ಬಂದರಾಯಿತು! ಲೆಕ್ಕ ಕಾಗದದ ಮೇಲೆ ಸರಿ. ಆದರೆ ಅಚ್ಚಾದ ದೂರವು ಹಗುರ ಮೈಯವನು, ಸಮನೆಲದಲ್ಲಿ, ಮಂದ ವೇಗದಲ್ಲಿ ಹೋದಾಗಿನ ದೂರ. ಇದು ಗೋವೆಗೆ ಹೋಗುವ ಹೆದ್ದಾರಿ. ಲಾರಿ ಬಸ್ಸುಗಳು ಎಡೆಬಿಡದೆ ಓಡುತ್ತವೆ. ಮಗ್ಗುಲಲ್ಲಿ ಹಾದುಹೋಗುವ ಲಾರಿಯ ಗಾಳಿಯ ಹೊಡೆತ, ನಿಂತು ಸವಾರಿ ಮಾಡುವವನ ಇಡೀ ಮೈಗೆ ತಾಗುತ್ತದೆ. ರಸ್ತೆಯಂಚಿಗೆ ಸರಿದರೆ ಆ ಭಾಗದ ಕೆಂಪು ಜಂಬಿಟ್ಟಿಗೆಯ ಗರಸು; ಒಂದೇ ಗಾಲಿಗೆ ಗರಸೆಂದರೆ ಗೋಲಿಗಳ ಮೇಲೆ ಕಾಲಿಟ್ಟಂತೆ.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರು ಎತ್ತರದಲ್ಲಿದೆ. ಖಾನಾಪುರ ಅದಕ್ಕಿಂತ ತಗ್ಗು. ಇಳಿಜಾರು ಸುಖವಲ್ಲವೇ ಎಂದು ಕೇಳಬಹುದು. ಸೈಕಲ್ಲಿಗೆ ಸುಖ. ಒಂಟಿಗಾಲಿಗೆ ಬ್ರೇಕೆಂದರೂ ಮೋಟಾರೇ. ಇಳಿಜಾರಿನಲ್ಲಿ ತಡೆಯುವಾಗ ಅದು ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ಹಿಂದಿರುಗಿಸುತ್ತದೆ. ಮನೆಯಲ್ಲಿ ರಾತ್ರಿಯೆಲ್ಲ ಭರ್ತಿಯಾಗಿ ತುಂಬಿಸಿಕೊಂಡು ಹೊರಟ ಬ್ಯಾಟರಿಯಲ್ಲಿ ಅದಕ್ಕೆ ಜಾಗವೆಲ್ಲಿ? ಒತ್ತಡ ಮಿತಿಮೀರಿ ಯಂತ್ರ ಕೂಗಿ, ಹಲಗೆಯೆತ್ತಿ, ಕಡೆಗೆ ಕೈಬಿಟ್ಟೀತು. ಇಳಿಜಾರು ಮೊದಲೇ ಎದುರಾಗುವ ಕಡೆ ಬ್ಯಾಟರಿಯನ್ನು ಪೂರ್ತಿ ತುಂಬಿಸದೆ ಹೊರಡಬೇಕೆಂಬ ನಿಯಮ ವಿಚಿತ್ರವಾಗಿ ಕೇಳಿಸಿದರೂ ನಿಜ. ಮಳೆಗಾಲದ ಮಾತನ್ನಂತೂ ಎತ್ತುವುದೇ ಬೇಡ. ಜೂನಿನಿಂದ ಸೆಪ್ಟೆಂಬರಿನವರೆಗೆ ಖಾನಾಪುರದ ಕಡೆ ಸುರಿಯುವ ಮಳೆಯಲ್ಲಿ ನೀರು ತುಂಬಿದ ಗುಂಡಿಯ ಆಳ ಕಣ್ಣಿಗೆ ಕಾಣುವುದಿಲ್ಲ; ಕುಂಬಾರನಿಗೆ ವರವಾದ ಜೇಡಿ ಸವಾರನಿಗೆ ಸಾಬೂನು. ಟಿಳಕವಾಡಿಯಲ್ಲಿರುವಂಥ ರೈಲ್ವೆ ಗೇಟುಗಳಲ್ಲಿ ಒದ್ದೆ ಕಂಬಿಯ ಮೇಲೆ ಗಾಲಿ ಒಂದಿಷ್ಟು ಓರೆಯಾದರೂ ಸಾಕು.

ಕಾನೂನೂ ಈ ಭಾನುವಾರದ ಯಾತ್ರೆಯನ್ನು ಒಪ್ಪುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನೋಂದಣಿಯ ಗೊಡವೆಯಿಂದ ಪಾರಾಗುವುದು, ಮೋಟಾರಿನ ಶಕ್ತಿ 250 ವ್ಯಾಟಿಗಿಂತಲೂ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿರುವ ಚಿಕ್ಕ ಬ್ಯಾಟರಿ ವಾಹನಗಳು ಮಾತ್ರ. ಒಂಟಿಗಾಲಿಗಳ ಮೋಟಾರು ಸಾಮಾನ್ಯವಾಗಿ 500 ವ್ಯಾಟಿನಿಂದಲೇ ಆರಂಭವಾಗಿ ಸಾವಿರಗಳಿಗೆ ಏರುತ್ತದೆ. ಅಂದಮೇಲೆ ನೋಂದಣಿ, ವಿಮೆ, ಲೈಸೆನ್ಸು ಇಲ್ಲದೆ ಅದನ್ನು ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಹ್ಯಾಂಡಲಾಗಲಿ ಬೇರೆ ಬ್ರೇಕಾಗಲಿ ಇಲ್ಲದ ವಾಹನಕ್ಕೆ ನೋಂದಣಿ ದೊರೆಯುವ ದಾರಿಯೂ ಕಾಣದು. ಇಂಗ್ಲೆಂಡಿನಲ್ಲಿಯೂ ಇವು ಸಾರ್ವಜನಿಕ ರಸ್ತೆಗೂ ಕಾಲುದಾರಿಗೂ ನಿಷಿದ್ಧ, ಖಾಸಗಿ ಜಾಗದಲ್ಲಿ ಮಾಲೀಕನ ಅಪ್ಪಣೆಯಿಂದ ಮಾತ್ರ ಓಡಿಸಬಹುದು. ಮಗನಿಗೆ ಹದಿನೆಂಟು ತುಂಬದಿದ್ದರೆ ತಂದೆ ಇನ್ನೂ ಎಚ್ಚರವಾಗಿರಬೇಕು. ಅಪ್ರಾಪ್ತ ವಯಸ್ಕನು ಮೋಟಾರು ವಾಹನದಿಂದ ಅಪರಾಧ ಮಾಡಿದರೆ ಪೋಷಕನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ ಎಂದು 2019ರ ತಿದ್ದುಪಡಿ ಹೇಳುತ್ತದೆ.

ಖಾನಾಪುರಕ್ಕೆ ಹೋಗಲೇಬೇಕೆಂದಿದ್ದರೆ ಗಾಲಿಯನ್ನು ಕಾರಿನಲ್ಲಿ ಹಾಕಿಕೊಂಡು ಹೋಗಿ, ಪರಿಚಿತರ ಒಣ ಅಂಗಳದಲ್ಲೋ ಅಪ್ಪಣೆ ಪಡೆದ ಮೈದಾನದಲ್ಲೋ ಓಡಿಸಿ ಬರಬಹುದು. ಹಂಚಿನ ಕಾರ್ಖಾನೆಯ ವಿಶಾಲ ಅಂಗಳಗಳು ಕಣ್ಣಿಗೆ ಹಿತವಾಗಿ ಕಂಡರೂ ಒಡೆದ ಹಂಚಿನ ಚೂರುಗಳು ಟಯರಿಗೂ ಮೈಗೂ ಒಳ್ಳೆಯವಲ್ಲ.

ಕಲಿಯುವವನ ಜೊತೆಗೆ ಯಾವಾಗಲೂ ಒಬ್ಬನಿರಬೇಕು. ಅವನಿಗೆ ಸವಾರಿ ಬರಬೇಕೆಂದೇನಿಲ್ಲ. ಎದುರು ನಿಂತು ಕಣ್ಣಿಗೆ ಗುರಿಯಾಗುವುದು, ಭುಜ ಕೊಡುವುದು, ಹುಡುಗರನ್ನು ದೂರವಿಡುವುದು, ಬಿದ್ದವನು ತಲೆಗೆ ಪೆಟ್ಟು ಮಾಡಿಕೊಂಡಿದ್ದರೆ ಏನೂ ಆಗಿಲ್ಲವೆಂಬ ಅವನ ಮಾತನ್ನು ನಂಬದೆ ಆಸ್ಪತ್ರೆಗೆ ಕರೆದೊಯ್ಯುವುದು, ಇವು ಅವನ ಕೆಲಸ.

ಮಳೆಗಾಲದಲ್ಲಿ ಗಾಲಿಯನ್ನು ಎತ್ತಿಡುವುದಾದರೆ ಬ್ಯಾಟರಿ ಅರ್ಧ ತುಂಬಿರಲಿ. ಪೂರ್ತಿ ತುಂಬಿಸಿಯೂ ಇಡಬಾರದು, ಬರಿದು ಮಾಡಿಯೂ ಇಡಬಾರದು. ಚಾರ್ಜರು ಆ ಯಂತ್ರದ ಜೊತೆ ಬಂದದ್ದೇ ಆಗಿರಬೇಕು. ತುಂಬಿಸುವಾಗ ಮನೆಯವರು ಎಚ್ಚರವಾಗಿರುವ ಹೊತ್ತು ನೋಡಿಕೊಂಡು, ಹೊರಬಾಗಿಲಿಗೂ ಮೆಟ್ಟಿಲಿಗೂ ಅಡ್ಡವಾಗದ ಕಡೆ, ಗಾದಿ ಬಟ್ಟೆಗಳಿಂದ ದೂರ, ಬರಿಯ ನೆಲದ ಮೇಲೆ ಇಡಬೇಕು. ನೀರಿನಲ್ಲಿ ನೆನೆದ ಅಥವಾ ಜೋರಾಗಿ ಬಿದ್ದ ಗಾಲಿಯನ್ನು ಒಳಗೆ ತೆಗೆದು ನೋಡದೆ ಚಾರ್ಜಿಗೆ ಹಾಕಬಾರದು. ತಿರುಗಿ ಹೊರತೆಗೆದ ದಿನ ಟಯರಿನ ಗಾಳಿಯನ್ನು ಅಳೆದು, ಹಲಗೆಗಳ ತಿರುಪುಗಳನ್ನು ಬಿಗಿದು, ಮೊದಲಿನ ಹಾಗೆ ಒಂದು ಕಾಲಿನಿಂದಲೇ ಆರಂಭಿಸತಕ್ಕದ್ದು.